ಬ್ರೇಕ್ ಡಿಸ್ಕಿಗೆ ಪೇಂಟ್: ಎಡಕ್ಕೆ ಸ್ಪ್ರೇ, ಬಲಕ್ಕೆ ಬ್ರಷ್, 14 ತಿಂಗಳಾದ್ಮೇಲೆ ಏನಾಯ್ತು

ಮೊದಲೇ ಹೇಳಿಬಿಡ್ತೀನಿ, ಕಾರಿನ ಬ್ರೇಕ್ ಡಿಸ್ಕಿಗೆ, ಅಂದ್ರೆ ವೀಲ್ ಜೊತೆ ತಿರುಗೋ ಕಬ್ಬಿಣದ ತಟ್ಟೆಗೆ, ಪೇಂಟ್ ಹೊಡೀಬಹುದು, ಆದ್ರೆ ಮಧ್ಯದಲ್ಲಿ ಟೋಪಿ ಥರ ಎದ್ದಿರುತ್ತಲ್ಲ ಆ ಭಾಗಕ್ಕೆ ಮತ್ತೆ ಹೊರಗಿನ ಅಂಚಿಗೆ ಮಾತ್ರ. ಬ್ರೇಕ್ ಒತ್ತಿದಾಗ ಪ್ಯಾಡ್ ಬಂದು ಉಜ್ಜೋ ಜಾಗಕ್ಕೆ ಒಂದು ಹನಿನೂ ಬೇಡ, ವೀಲ್ ಬಂದು ಕೂರೋ ಜಾಗಕ್ಕೂ ಬೇಡ. ಅರ್ಜೆಂಟಲ್ಲಿ ಇರೋರು ಇಷ್ಟು ಓದಿದ್ರೂ ಸಾಕು. ಯಾವ ಪೇಂಟ್ ನಿಂತ್ಕೊಳ್ತು ಯಾವುದು ಎದ್ದು ಹೋಯ್ತು ಅಂತ ಬೇಕಿದ್ರೆ ಮುಂದೆ ಓದಿ, ನಾನು ಬೇಕಂತಲೇ ಮುಂದಿನ ಎಡಗಡೆ ಡಿಸ್ಕಿಗೆ ಒಂದು ಥರದ ಪೇಂಟ್, ಬಲಗಡೆದಕ್ಕೆ ಇನ್ನೊಂದು ಥರದ್ದು ಹಾಕಿ 14 ತಿಂಗಳು ಓಡಿಸಿದೀನಿ, ಮಳೆ ಬಿಸಿಲು ಎರಡೂ ಆಗಿದೆ.

ಶುರುವಾಗಿದ್ದು ಅಲಾಯ್ ವೀಲ್ ಹಾಕಿಸಿದ ಮೇಲೆ. ಮುಂಚೆ ವೀಲ್ ಕ್ಯಾಪ್ ಇದ್ದಾಗ ಒಳಗಡೆ ಏನಿದೆ ಅಂತ ಕಾಣ್ತಾನೇ ಇರ್ಲಿಲ್ಲ, ಈಗ ಸ್ಪೋಕ್ ಮಧ್ಯೆ ಡಿಸ್ಕ್ ಪೂರ್ತಿ ಕಾಣುತ್ತೆ, ಅದರ ನಡುವೆ ಕಂದು ಬಣ್ಣದ ತುಕ್ಕು. ಕಾರು ಎಷ್ಟೇ ತೊಳೆದು ಪಾಲಿಶ್ ಮಾಡಿ ನಿಲ್ಲಿಸಿದ್ರೂ ಕಣ್ಣು ಅಲ್ಲಿಗೇ ಹೋಗೋದು.

ತುಕ್ಕು ಯಾಕೆ ಹಿಡಿಯುತ್ತೆ ಅಂದ್ರೆ ಡಿಸ್ಕ್ ಮಾಡಿರೋದೇ ಬೀಡು ಕಬ್ಬಿಣದಲ್ಲಿ. ಬೈಕಿನ ಡಿಸ್ಕ್ ಸ್ಟೇನ್‌ಲೆಸ್ ಸ್ಟೀಲ್, ಅದಕ್ಕೇ ಅದು ಹೊಳೀತಾನೇ ಇರುತ್ತೆ. ಹಾಗಾದ್ರೆ ಕಾರಿಗೂ ಅದನ್ನೇ ಹಾಕಬಹುದಲ್ಲ ಅಂತ ನಂಗೂ ಅನ್ನಿಸಿತ್ತು, ಆದ್ರೆ ಕಾರಿನ ತೂಕ ನಿಲ್ಲಿಸುವಾಗ ಹುಟ್ಟೋ ಬಿಸಿ ಬಹಳ ಜಾಸ್ತಿ, ಬೀಡು ಕಬ್ಬಿಣದ ಒಳಗೆ ಗ್ರಾಫೈಟ್ ಸಣ್ಣ ಸಣ್ಣ ಪದರವಾಗಿ ಸೇರಿರೋದ್ರಿಂದ ಅದು ಬಿಸಿಯನ್ನ ಬೇಗ ಹರಡುತ್ತೆ, ಕಂಪನವನ್ನೂ ನುಂಗಿಕೊಳ್ಳುತ್ತೆ, ಖರ್ಚೂ ಕಮ್ಮಿ. ಅದಕ್ಕೆ ಕೊಡೋ ಬೆಲೆ ಈ ತುಕ್ಕು. ಕಾರ್ ತೊಳೆದ ಮಾರನೇ ದಿನ ಡಿಸ್ಕ್ ಪೂರ್ತಿ ಕಿತ್ತಳೆ ಬಣ್ಣ ಆಗಿರುತ್ತಲ್ಲ, ಅದನ್ನ ನೋಡಿ ಹೆದರಬೇಡಿ, ನಾಲ್ಕೈದು ಸಲ ಬ್ರೇಕ್ ಹಿಡಿದ್ರೆ ಪ್ಯಾಡೇ ಉಜ್ಜಿ ತೆಗೆದುಬಿಡುತ್ತೆ. ಪ್ಯಾಡ್ ಮುಟ್ಟದೇ ಇರೋ ಜಾಗದಲ್ಲಿ ಮಾತ್ರ ತುಕ್ಕು ವರ್ಷಗಟ್ಟಲೆ ಕೂತು ಚಕ್ಕೆ ಕಟ್ಟೋದು. ಆ ಜಾಗಕ್ಕೆ ಪೇಂಟ್ ಹೊಡೆಯೋದು ಮುಖ್ಯವಾಗಿ ಚೆಂದಕ್ಕೇ. ಅದರಿಂದ ಬ್ರೇಕ್ ಚೆನ್ನಾಗಿ ಹಿಡಿಯುತ್ತೆ, ಡಿಸ್ಕ್ ತಂಪಾಗಿರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಈಗ ನಮ್ಮ ಭಾವನ ಕಾರಿನ ಕಥೆ ಹೇಳಲೇಬೇಕು, ಯಾಕಂದ್ರೆ ಅದನ್ನ ನೋಡಿದ್ಮೇಲೇ ನಾನು ಇದನ್ನೆಲ್ಲ ಸರಿಯಾಗಿ ಕಲಿತಿದ್ದು. ಅವರು ಒಂದು ಗ್ಯಾರೇಜಲ್ಲಿ ಕೊಟ್ಟು ಡಿಸ್ಕಿಗೆ ಪೇಂಟ್ ಮಾಡಿಸಿದ್ರು. ಅಲ್ಲಿಯವರು ವೀಲ್ ಬಿಚ್ಚಿ ಡಿಸ್ಕಿನ ಮೇಲೆಲ್ಲ ಸೊಂಯ್ ಅಂತ ಸ್ಪ್ರೇ ಹೊಡೆದು, ಉಜ್ಜೋ ಜಾಗನೂ ಬಿಡದೆ, ಎರಡು ಬ್ರೇಕ್ ಹೊಡೆದ್ರೆ ಅದೇ ಹೋಗುತ್ತೆ ಸಾರ್ ಅಂತ ಹೇಳಿ ಕಳಿಸಿದಾರೆ. ಗೇಟಿಂದ ಆಚೆ ಬಂದು ಮೊದಲ ತಿರುವಲ್ಲಿ ಬ್ರೇಕ್ ಒತ್ತಿದ್ರೆ ಪೆಡಲ್ ಗಟ್ಟಿಯಾಗೇ ಇದೆ, ಕಾರು ಮಾತ್ರ ಜಾರಿಕೊಂಡು ಹೋಗ್ತಾನೇ ಇದೆ. ನಂಗೆ ಫೋನ್ ಮಾಡಿ "ಬ್ರೇಕ್ ಹಿಡೀತಾನೇ ಇಲ್ಲ ಕಣೋ, ಸುಟ್ಟ ವಾಸನೆ ಬೇರೆ ಬರ್ತಿದೆ" ಅಂದ್ರು. "ಭಾವ, ನೀವು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಒಂದು ಅಡಿನೂ ಮುಂದಕ್ಕೆ ಓಡಿಸಬೇಡಿ" ಅಂತ ಹೇಳಿ ಹೋದೆ. ಪ್ಯಾಡ್ ತೆಗೆದು ನೋಡಿದ್ರೆ ಅದರ ಮೇಲೆ ಗಾಜಿನ ಥರ ಕಪ್ಪಗೆ ಹೊಳೆಯೋ ಪದರ, ಉಗುರಲ್ಲಿ ಕೆರೆದ್ರೆ ಜಾರುತ್ತೆ. ಪೇಂಟ್ ಬಿಸಿಗೆ ಕರಗಿ ಪ್ಯಾಡಿಗೆ ಹತ್ತಿಕೊಂಡಿತ್ತು. ಹೊಸ ಪ್ಯಾಡ್ ಹಾಕಿಸಬೇಕಾಯ್ತು, ಡಿಸ್ಕನ್ನ ಬ್ರೇಕ್ ಕ್ಲೀನರ್ ಹಾಕಿ ಎಮರಿ ಪೇಪರಲ್ಲಿ ಉಜ್ಜಿ ಉಜ್ಜಿ ತೆಗೆದ್ವಿ.

ಅಷ್ಟಕ್ಕೇ ಮುಗೀಲಿಲ್ಲ. ಹೊಸ ಪ್ಯಾಡ್ ಹಾಕಿದ್ಮೇಲೂ ಹೈವೇಲಿ ಬ್ರೇಕ್ ಹಿಡಿದ್ರೆ ಸ್ಟೀರಿಂಗ್ ನಡುಗೋದು. ಆಮೇಲೆ ಗೊತ್ತಾಗಿದ್ದು, ಅವರು ಡಿಸ್ಕ್ ಬಿಚ್ಚಿ ಹಿಂದೆ ಹಬ್ ಮೇಲೆ (ಡಿಸ್ಕ್, ವೀಲ್ ಎರಡನ್ನೂ ಹಿಡಿದು ತಿರುಗೋ ಭಾಗ) ಕೂರೋ ಮುಖಕ್ಕೂ ಪೇಂಟ್ ಹೊಡೆದಿದ್ರು, ಒಂದು ಕಡೆ ದಪ್ಪ ಒಂದು ಕಡೆ ತೆಳು. ಡಿಸ್ಕ್ ಓರೆಯಾಗಿ ಕೂತಿದೆ ಅನ್ನೋಕೆ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗದಷ್ಟು ವ್ಯತ್ಯಾಸ ಸಾಕು, ಕಣ್ಣಿಗೆ ಕಾಣೋದೇ ಇಲ್ಲ, ಕೈಗೆ ಮಾತ್ರ ಗೊತ್ತಾಗುತ್ತೆ. ಅದೂ ಅಲ್ದೆ ವೀಲ್ ಕೂರೋ ಮುಖದಲ್ಲಿ ದಪ್ಪ ಪೇಂಟ್ ಇದ್ರೆ ಬಿಸಿಗೆ ಒತ್ತಡಕ್ಕೆ ಅದು ಕುಸಿಯುತ್ತೆ, ಕುಸಿದಷ್ಟೂ ವೀಲ್ ನಟ್ಟಿನ ಬಿಗಿ ಕಮ್ಮಿಯಾಗುತ್ತೆ. ಬ್ರೇಕ್ ವಿಷಯದಲ್ಲಿ ಹೀಗೆ ಮಾಡಿ ಜನರನ್ನ ರೋಡಿಗೆ ಬಿಡೋದನ್ನ ನೆನೆಸಿಕೊಂಡ್ರೆ ನಂಗೆ ಈಗಲೂ ಸಿಟ್ಟು ಬರುತ್ತೆ, ಆ ಕಾರಲ್ಲಿ ಅಕ್ಕ ಮಕ್ಕಳೆಲ್ಲ ಓಡಾಡ್ತಾರೆ.

ಇಲ್ಲಿ ಒಂದು ಗೊಂದಲ ಇದೆ. ಕಂಪನಿಯಿಂದಲೇ ಕೋಟಿಂಗ್ ಆಗಿ ಬರೋ ಡಿಸ್ಕ್ ಇದೆಯಲ್ಲ, ಬ್ರೇಕ್ ತಯಾರಿಸೋ ಬ್ರೆಂಬೋದವರ ಯುವಿ (ಅತಿನೇರಳೆ ಬೆಳಕಲ್ಲಿ ಒಣಗಿಸಿದ) ಕೋಟಿಂಗಿನದು, ಜಿಯೋಮೆಟ್ ಅನ್ನೋ ಸತುವಿನ ಚಕ್ಕೆ ಇರೋ ಕೋಟಿಂಗಿನದು, ಅವುಗಳಲ್ಲಿ ಉಜ್ಜೋ ಜಾಗದ ಮೇಲೂ ಕೋಟಿಂಗ್ ಇರಬಹುದು, ಅದನ್ನ ನೋಡಿದವರು ನಾವೂ ಹಾಗೇ ಹೊಡೀಬಹುದು ಅಂದ್ಕೊಳ್ತಾರೆ. ಆದ್ರೆ ಅದು ತುಂಬಾ ತೆಳು, ಎಲ್ಲಾ ಕಡೆ ಒಂದೇ ಸಮ, ಪ್ಯಾಡ್ ತಾಗಿದ ಹಾಗೆ ಪುಡಿಯಾಗಿ ಹೋಗಲಿ ಅಂತಲೇ ಮಾಡಿರೋದು, ಮೊದಮೊದಲು ನಿಧಾನಕ್ಕೆ ಬ್ರೇಕ್ ಹಿಡೀರಿ ಅಂತಲೂ ಹೇಳಿರ್ತಾರೆ. ಡಬ್ಬಿ ಸ್ಪ್ರೇಯಲ್ಲಿ ಕೈಯಲ್ಲಿ ಹೊಡೆದಿದ್ದಕ್ಕೂ ಅದಕ್ಕೂ ಹೋಲಿಕೆನೇ ಇಲ್ಲ. ಉಜ್ಜೋ ಮುಖದ ಮೇಲೆ ಶಾಶ್ವತವಾಗಿ ನಿಲ್ಲೋ ಪದರ ಬೇಕು ಅಂತ ಬಾಷ್ ಮತ್ತು ಪೋರ್ಷೆದವರು 2017ರಲ್ಲಿ ತಂದಿದ್ದು ಟಂಗ್‌ಸ್ಟನ್ ಕಾರ್ಬೈಡ್ ಕೋಟಿಂಗು, ಸುಮಾರು 0.1 ಮಿಲಿಮೀಟರ್ ದಪ್ಪ, ಬೀಡು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಗಟ್ಟಿ.

ಸರಿ, ನನ್ನ ಪೇಂಟಿಗೆ ಬರ್ತೀನಿ. ಎಡಗಡೆಗೆ ತಗೊಂಡಿದ್ದು ಸೈಲೆನ್ಸರಿಗೆಲ್ಲ ಹೊಡೀತಾರಲ್ಲ ಆ ಥರದ ಹೈ ಟೆಂಪರೇಚರ್ ಸ್ಪ್ರೇ, ಡಬ್ಬಿ ಮೇಲೆ 650 ಡಿಗ್ರಿ ತಡೆಯುತ್ತೆ ಅಂತ ದೊಡ್ಡದಾಗಿ ಬರೆದಿತ್ತು. ಬಲಗಡೆಗೆ ಕ್ಯಾಲಿಪರಿಗೆ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಅಂತಲೇ ಸಿಗೋ ಬ್ರಷ್ ಪೇಂಟ್, ಎರಡು ಡಬ್ಬಿ ಇರುತ್ತೆ, ಒಂದು ಬಣ್ಣ ಒಂದು ಹಾರ್ಡನರ್, ಎರಡನ್ನೂ ಕಲಸಿ ಹಚ್ಚೋದು. ಇದರ ಮೇಲೆ ಬರೆದಿದ್ದ ಡಿಗ್ರಿ ಸ್ಪ್ರೇಯದರ ಅರ್ಧನೂ ಇರ್ಲಿಲ್ಲ. ಹಾಗಾಗಿ ಸ್ಪ್ರೇನೇ ಗೆಲ್ಲುತ್ತೆ ಅಂತ ನಾನು ಅಂದ್ಕೊಂಡಿದ್ದೆ.

ಕೆಲಸದಲ್ಲಿ ಮುಕ್ಕಾಲು ಪಾಲು ತುಕ್ಕು ತೆಗೆಯೋದೇ. ಕಾರನ್ನ ಬರೀ ಜಾಕ್ ಮೇಲೆ ಬಿಟ್ಟು ಕೆಲಸ ಮಾಡಬೇಡಿ, ಸ್ಟ್ಯಾಂಡ್ ಕೊಡಿ, ಹಿಂದಿನ ವೀಲಿಗೆ ಅಡ್ಡ ಕೊಡಿ. ಬ್ರೇಕ್ ಧೂಳನ್ನ ಗಾಳಿ ಹೊಡೆದು ಹಾರಿಸಬೇಡಿ, ಮಾಸ್ಕ್ ಹಾಕ್ಕೊಂಡು ಬ್ರೇಕ್ ಕ್ಲೀನರಲ್ಲಿ ನೆನೆಸಿ ಒರೆಸಿ. ಆಮೇಲೆ ವೈರ್ ಬ್ರಷ್ ಹಿಡಿದು ಉಜ್ಜಿದ್ರೆ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರೋಕೆ ಶುರುವಾಗುತ್ತೆ, ಒಂದೊಂದು ಚಕ್ಕೆ ಬೆರಳಿನ ಉಗುರಿನಷ್ಟು ಅಗಲ ಇತ್ತು. ಹಾಗೆ ಉಜ್ಜುತ್ತಾ ಇದ್ದಾಗ ಬಲಗಡೆ ಡಿಸ್ಕಿನ ಟೋಪಿ ಮೇಲೆ ಅಕ್ಷರ ಕಾಣಿಸ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಿದ್ರೆ ಮಿನಿಮಮ್ 20 ಎಂಎಂ ಅಂತ ಒತ್ತಿದಾರೆ. ಡಿಸ್ಕ್ ಸವೆದು ಇಷ್ಟು ತೆಳುವಾದ್ರೆ ಬದಲಾಯಿಸಿ ಅನ್ನೋ ಗುರುತು ಅದು. ಇಷ್ಟು ವರ್ಷ ತುಕ್ಕಿನ ಕೆಳಗೆ ಮುಚ್ಚಿಹೋಗಿತ್ತು. ಅಲ್ಲೇ ಅಳೆದು ನೋಡಿದೆ, 21.3 ಬಂತು, ನಿರಾಳ ಆಯ್ತು. ನೀವೂ ಪೇಂಟಿಗೆ ಮುಂಚೆ ಇದನ್ನ ಅಳೀರಿ, ಆ ಗುರುತಿನ ಹತ್ತಿರ ಬಂದಿದ್ರೆ ಪೇಂಟಿನ ಯೋಚನೆ ಬಿಟ್ಟು ಹೊಸ ಡಿಸ್ಕ್ ಹಾಕಿಸಿ, ಕೋಟಿಂಗ್ ಇರೋದೇ ತಗೊಳಿ, ತಲೆನೋವೇ ಇರಲ್ಲ. ಆ ಅಕ್ಷರದ ಮೇಲೆ ಪೇಂಟ್ ದಪ್ಪಕ್ಕೆ ಬಳಿಯಲೂಬೇಡಿ.

ಸ್ಪ್ರೇಗೆ ಡಿಸ್ಕನ್ನ ಬಿಚ್ಚಲೇಬೇಕು. ಕಾರಲ್ಲೇ ಇಟ್ಟು ಹೊಡೆದ್ರೆ ಅದರ ಮಂಜು ಕ್ಯಾಲಿಪರ್ ಒಳಗೆ ಹೋಗಿ ಪ್ಯಾಡ್ ಮೇಲೆ ಕೂರುತ್ತೆ. ಡಿಸ್ಕ್ ಹಿಡಿದಿರೋ ಸಣ್ಣ ಸ್ಕ್ರೂ ತುಕ್ಕು ಹಿಡಿದು ಕೂತಿತ್ತು, ಅದಕ್ಕೇ ಒಂದು ಗಂಟೆ ಹೋಯ್ತು. ಬಿಚ್ಚಿದ ಕ್ಯಾಲಿಪರನ್ನ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ, ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಉಜ್ಜೋ ಮುಖಕ್ಕೆ, ವೀಲ್ ಕೂರೋ ಮುಖಕ್ಕೆ, ಹಬ್ ಕಡೆಗೆಲ್ಲ ಮಾಸ್ಕಿಂಗ್ ಟೇಪ್ ಹಾಕಿ ತೆಳ್ಳಗೆ ಮೂರು ಕೋಟ್ ಹೊಡೆದೆ. ಮುಗಿದಾಗ ನೋಡೋಕೆ ಹೊಸದರ ಥರ ಇತ್ತು, ಬ್ರಷ್ಷಿನ ಗೆರೆ ಇಲ್ಲ, ಏನಿಲ್ಲ.

ಬ್ರಷ್ ಪೇಂಟಿಗೆ ಏನೂ ಬಿಚ್ಚಲಿಲ್ಲ, ವೀಲ್ ತೆಗೆದಿದ್ದು ಅಷ್ಟೇ. ಗೇರ್ ನ್ಯೂಟ್ರಲ್ ಮಾಡಿ ಬ್ರಷ್ಷನ್ನ ಅಲುಗಿಸದೆ ಅಂಚಿಗೆ ಹಿಡ್ಕೊಂಡು ಎಡಗೈಯಲ್ಲಿ ಡಿಸ್ಕನ್ನ ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಕುಂಬಾರ ಚಕ್ರ ತಿರುಗಿಸಿದ ಹಾಗೆ ಪೇಂಟ್ ತಾನೇ ಗೆರೆ ಎಳೆದಂಗೆ ಕೂರುತ್ತೆ. ಪ್ಯಾಡ್ ಉಜ್ಜೋ ಮುಖದ ಮೇಲೆ ಒಂದೆರಡು ಹನಿ ಬಿತ್ತು, ಒಣಗೋ ಮುಂಚೆನೇ ಕ್ಲೀನರ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಒಳಗಿನ ಗಾಳಿ ಕಿಂಡಿಗಳ ತಂಟೆಗೆ ಹೋಗಲಿಲ್ಲ, ಬ್ರಷ್ ಅಲ್ಲಿಗೆ ಹೋಗೋದೂ ಇಲ್ಲ, ಪೇಂಟ್ ಅಲ್ಲಿ ಗಡ್ಡೆ ಕಟ್ಟೋದೂ ಬೇಡ. ಹಿಂದಿನ ವೀಲಿನ ಡ್ರಮ್ ಬ್ರೇಕಿಗೂ ಉಳಿದಿದ್ದನ್ನ ಬಳಿದೆ, ಅದು ಸುಲಭ, ಉಜ್ಜೋದೆಲ್ಲ ಒಳಗಡೆ ಇರೋದ್ರಿಂದ ಹೊರಗಡೆ ಭಯ ಇಲ್ಲ. ವೀಲ್ ಹಾಕಿದ್ಮೇಲೆ ನಟ್ಟನ್ನ ಕಂಪನಿ ಹೇಳಿದಷ್ಟೇ ಟಾರ್ಕಿಗೆ ಬಿಗಿ ಮಾಡಿ, 100 ಕಿಲೋಮೀಟರ್ ಓಡಿಸಿ ಇನ್ನೊಂದ್ಸಲ ಚೆಕ್ ಮಾಡಿದೆ.

ಮೂರು ತಿಂಗಳು ಎರಡೂ ಒಂದೇ ಥರ ಇದ್ವು. ನಾಲ್ಕನೇ ತಿಂಗಳಲ್ಲಿ ಎಡಗಡೆ ಅಂದ್ರೆ ಸ್ಪ್ರೇ ಹೊಡೆದಿದ್ದು ಕಾರ್ ತೊಳೆದು ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೇ ಕಪ್ಪು ಹತ್ತೋಕೆ ಶುರುವಾಯ್ತು. ವೀಲ್ ಕ್ಲೀನರ್ ಬಿದ್ದ ಕಡೆಯೆಲ್ಲ ಮೆತ್ತಗಾಗಿತ್ತು. 650 ಡಿಗ್ರಿ ಅಂದವರು ಸುಳ್ಳು ಹೇಳಿದ್ರಾ ಅಂತ ಡಬ್ಬಿ ಹುಡುಕಿ ಹಿಂದೆ ಸಣ್ಣಕ್ಷರ ಓದಿದೆ, ಅಲ್ಲಿತ್ತು ವಿಷಯ. ಈ ಥರದ ಸಿಲಿಕೋನ್ ಪೇಂಟ್ ಗಾಳಿಗೆ ಒಣಗಿದ್ರೆ ಸಾಲದು, ಮೊದಲು 120 ಡಿಗ್ರಿ ಹತ್ತಿರ ಅರ್ಧ ಗಂಟೆ, ಆರಿಸಿ, ಮತ್ತೆ 200ಕ್ಕೆ, ಆರಿಸಿ, ಮತ್ತೆ 300 ದಾಟಿಸಿ ಬೇಯಿಸಿದ್ರೇ ಅದು ಗಟ್ಟಿಯಾಗೋದು. ಸೈಲೆನ್ಸರಲ್ಲಿ ಅಷ್ಟು ಬಿಸಿ ತಾನಾಗೇ ಬರುತ್ತೆ. ಡಿಸ್ಕಲ್ಲಿ ಹಾಗಲ್ಲ, ಘಾಟಿ ಇಳಿಯುವಾಗ ಉಜ್ಜೋ ಮುಖ 400 ಡಿಗ್ರಿ ದಾಟಬಹುದು, ಆದ್ರೆ ದಿನದ ಓಡಾಟದಲ್ಲಿ ಅದರ ಹತ್ತಿರಕ್ಕೂ ಬರಲ್ಲ, ಪೇಂಟ್ ಇರೋ ಟೋಪಿ ಭಾಗವಂತೂ ಇನ್ನೂ ತಂಪಾಗಿರುತ್ತೆ. ಅಂದ್ರೆ ಆ ಪೇಂಟ್ ಸುಟ್ಟು ಹೋಗಲಿಲ್ಲ, ಅದು ಕೊನೆವರೆಗೂ ಬೇಯಲೇ ಇಲ್ಲ. ಬ್ರಷ್ ಪೇಂಟಿಗೆ ಈ ಕಾಟ ಇಲ್ಲ, ಹಾರ್ಡನರ್ ಸೇರಿದ್ಮೇಲೆ ಅದು ತಾನೇ ಗಟ್ಟಿಯಾಗುತ್ತೆ. ನಾವೆಲ್ಲ ಡಬ್ಬಿ ಮುಂದಿನ ದೊಡ್ಡ ನಂಬರ್ ನೋಡಿ ತಗೋತೀವಿ, ನೋಡಬೇಕಾಗಿದ್ದು ಅದು ಹೇಗೆ ಗಟ್ಟಿಯಾಗುತ್ತೆ ಅನ್ನೋದನ್ನ. ಡಿಸ್ಕ್ ಬಿಚ್ಚಿ ಸರಿಯಾಗಿ ಬೇಯಿಸೋ ಅನುಕೂಲ ಇರೋರಿಗೆ ಸ್ಪ್ರೇ ಚೆನ್ನಾಗೇ ನಿಲ್ಲುತ್ತೆ, ಮನೆ ಓವನಲ್ಲಿ ಮಾತ್ರ ಬೇಡ, ಅದರ ಹೊಗೆ ಒಳ್ಳೇದಲ್ಲ. ನನ್ನ ಲೆಕ್ಕದಲ್ಲಿ ಡಿಸ್ಕಿಗೆ ಅಂತ ನೋಡಿದ್ರೆ ಬ್ರಷ್ ಪೇಂಟಿಗೆ 5ಕ್ಕೆ 4, ಸ್ಪ್ರೇಗೆ 5ಕ್ಕೆ 2.

ಬ್ರಷ್ಷಿಗೆ ಒಂದು ಅಂಕ ಕಮ್ಮಿ ಕೊಟ್ಟಿದ್ದು ಅಂಚಿನಿಂದ. ಟೋಪಿ ಭಾಗ ಅಲುಗಾಡಿಲ್ಲ, ಹೊರ ಅಂಚು ಮಾತ್ರ ಉಜ್ಜೋ ಮುಖಕ್ಕೆ ಅಂಟಿಕೊಂಡೇ ಇರೋದ್ರಿಂದ ಜಾಸ್ತಿ ಬಿಸಿಯಾಗುತ್ತೆ, ಒಂದು ಘಾಟಿ ಇಳಿದು ಬಂದ ಮೇಲೆ ಅಲ್ಲಿ ಬಣ್ಣ ಮಂಕಾಗಿ ಎರಡು ಕಡೆ ಸೀಳು ಬಿಟ್ಟಿದೆ.

ಎಲೆಕ್ಟ್ರಿಕ್ ಕಾರಿನವರಿಗೂ ಒಂದು ಮಾತು. ನಿಮ್ಮಲ್ಲಿ ಬಹಳಷ್ಟು ಬ್ರೇಕಿಂಗ್ ಮೋಟರೇ ಮಾಡೋದ್ರಿಂದ ಪ್ಯಾಡ್ ಡಿಸ್ಕನ್ನ ಉಜ್ಜೋದೇ ಕಮ್ಮಿ, ಹಾಗಾಗಿ ಉಜ್ಜೋ ಮುಖದ ಮೇಲೂ ತುಕ್ಕು ಉಳಿದುಬಿಡುತ್ತೆ. ಫೋಕ್ಸ್‌ವ್ಯಾಗನ್ ಐಡಿ.3ಗೆ ಹಿಂದೆ ಡ್ರಮ್ ಕೊಟ್ಟಿರೋದಕ್ಕೆ ಅದೂ ಒಂದು ಕಾರಣ. ಆ ತುಕ್ಕಿಗೆ ಪೇಂಟ್ ಪರಿಹಾರ ಅಲ್ಲವೇ ಅಲ್ಲ, ಆಗಾಗ ಖಾಲಿ ರಸ್ತೆ ನೋಡಿ ನಾಲ್ಕು ಸಲ ಗಟ್ಟಿಯಾಗಿ ಬ್ರೇಕ್ ಪೆಡಲ್ ಒತ್ತಿ ಡಿಸ್ಕ್ ಉಜ್ಜಿಸಿ.

ಹೋದ ಭಾನುವಾರ ಎರಡೂ ವೀಲ್ ಬಿಚ್ಚಿದ್ದೆ. ಬಲಗಡೆ ತೊಳೆದು ಒರೆಸಿದ್ರೆ ಮಿನಿಮಮ್ 20 ಎಂಎಂ ಅನ್ನೋ ಅಕ್ಷರ ಪೇಂಟಿನ ಕೆಳಗಿಂದ ಸ್ಪಷ್ಟವಾಗಿ ಓದೋಕಾಗುತ್ತೆ, ಉಗುರಲ್ಲಿ ಕೆರೆದ್ರೂ ಬಣ್ಣ ಏಳಲಿಲ್ಲ. ಎಡಗಡೆದನ್ನ ಪೂರ್ತಿ ಕೆರೆದು ತೆಗೆದು ಅದಕ್ಕೂ ಬ್ರಷ್ ಪೇಂಟೇ ಹಚ್ಚಬೇಕು, ಮಳೆ ಬಿಡುವು ಕೊಟ್ರೆ ಈ ವಾರವೇ.