ವಿಹಾರ ನೌಕೆಯ ರಂಗದಲ್ಲಿ ಮಕ್ಕಳಿಗೆ ಸಿಕ್ಕ ಅವಕಾಶ: ಒಂದು ವಿಮರ್ಶೆ

ಮುಂಬೈಯಿಂದ ಕೊಚ್ಚಿಗೆ ಬರುವ ಕ್ರೂಸ್ ಹಡಗೊಂದರಲ್ಲಿ ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಕುಟುಂಬಸಮೇತ ಪ್ರಯಾಣಿಸಿದೆವು. ಅದರ ಜಾಹೀರಾತಿನಲ್ಲಿ ಈಜುಕೊಳ, ಬಗೆಬಗೆಯ ಊಟ, ಸಂಗೀತ ಸಂಜೆಗಳ ನಡುವೆ ಮಕ್ಕಳಿಗೂ ವೇದಿಕೆಯೇರುವ ಅವಕಾಶವಿದೆ ಎಂಬ ಸಾಲೊಂದಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ನಮ್ಮ ಮನೆಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುತ್ತಿರುವ ಹತ್ತು ವರ್ಷದ ಮಗಳಿರುವುದರಿಂದ ಆ ಸಾಲೇ ಉಳಿದೆಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಕೋಣೆ ಸಣ್ಣದಾದರೂ ಶುಚಿಯಾಗಿತ್ತು, ಸಸ್ಯಾಹಾರಕ್ಕೆ ಕೊರತೆಯಿರಲಿಲ್ಲ, ಕುಚ್ಚಿಲಕ್ಕಿ ಅನ್ನ ಮಾತ್ರ ಸಿಗಲಿಲ್ಲ. ಅವುಗಳ ವಿಚಾರ ಇಷ್ಟು ಸಾಕು.

ಮೊದಲ ರಾತ್ರಿ ಮುಖ್ಯ ರಂಗಮಂದಿರದಲ್ಲಿ ಜಾದೂ ಪ್ರದರ್ಶನವಿತ್ತು. ಜಾದೂಗಾರರು ಸಭೆಯಿಂದ ಮಕ್ಕಳನ್ನು ಕರೆಯುವ ಮೊದಲು ಹೆತ್ತವರ ಕಡೆ ನೋಡಿ ಒಪ್ಪಿಗೆ ಪಡೆದರು, ಮೈಕನ್ನು ಮಗುವಿನ ಎತ್ತರಕ್ಕೆ ಇಳಿಸಿದರು, ದೀಪದ ಪ್ರಖರ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯದ ಜಾಗದಲ್ಲಿ ನಿಲ್ಲಿಸಿದರು. ಮಗಳ ಕೈಗೆ ಕೊಟ್ಟ ಮಂತ್ರದಂಡ ತುಂಡುತುಂಡಾಗಿ ಜೋತುಬಿದ್ದಾಗ ಸಭೆಯೆಲ್ಲ ನಕ್ಕಿತಾದರೂ, ಜಾದೂಗಾರರು ತಾವೇ ಕಂಗಾಲಾದಂತೆ ನಟಿಸಿದ್ದರಿಂದ ಆ ನಗು ಅವರ ಮೇಲೆಯೇ ಬಿತ್ತು. ಕೊನೆಯ ಚಮತ್ಕಾರ ಮಗುವಿನ ಕೈಯಿಂದಲೇ ಆಯಿತೆಂದು ಚಪ್ಪಾಳೆ ಹಾಕಿಸಿದರು. ವೇದಿಕೆಗೆ ಬಂದ ಮಗುವನ್ನು ಸಹಕಲಾವಿದನಂತೆ ಕಾಣುವವರು ಯಾರು, ಪುಕ್ಕಟೆ ಹಾಸ್ಯದ ಸರಕಾಗಿ ಬಳಸುವವರು ಯಾರು ಎಂಬುದನ್ನು ಅಳೆಯಲು ಈ ಒಂದು ಪ್ರಸಂಗವೇ ನನಗೆ ಮುಂದೆ ಅಳತೆಗೋಲಾಯಿತು.

ಮಕ್ಕಳ ಪ್ರತಿಭಾ ಪ್ರದರ್ಶನಕ್ಕೆ ಮಕ್ಕಳ ಕ್ಲಬ್ಬಿನಲ್ಲಿ ಹೆಸರು ಕೊಡಬೇಕು. ಹೆತ್ತವರ ಸಹಿಯುಳ್ಳ ಅರ್ಜಿ ಮತ್ತು ಹಾಡಿನ ಧ್ವನಿಮುದ್ರಣ ಹಿಂದಿನ ದಿನವೇ ಅವರ ಕೈ ಸೇರಬೇಕೆಂಬ ನಿಯಮ ಸರಿಯಾದುದು. ಮಗಳು ಆರಿಸಿಕೊಂಡದ್ದು ಯಕ್ಷಗಾನದ ಪೂರ್ವರಂಗದ, ಎಂದರೆ ಕಥೆಗೆ ಮೊದಲಿನ ಭಾಗದ, ಬಾಲಗೋಪಾಲ ಕುಣಿತ. ಕಿರೀಟ, ಭುಜಕೀರ್ತಿಗಳನ್ನು ಹೊತ್ತು ತರುವುದು ಸಾಧ್ಯವಿಲ್ಲದ್ದರಿಂದ ಗೆಜ್ಜೆ ಕಟ್ಟಿ, ಸೊಂಟಕ್ಕೊಂದು ಶಾಲು ಬಿಗಿದು ಕುಣಿಯುವುದೆಂದು ಊರಿನಲ್ಲೇ ಗುರುಗಳು ನಿರ್ಧರಿಸಿದ್ದರು. ಹಡಗಿನ ಧ್ವನಿವರ್ಧಕಗಳನ್ನು ಡಿಜೆ ಸಂಗೀತಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ. ತಾಲೀಮಿನಲ್ಲಿ ಮದ್ದಳೆಯ ನಾದ ಬರಿಯ ಗುಡುಗಾಗಿ ಹಾಡುವ ಭಾಗವತರ ಪದವೇ ಕೇಳಿಸದಂತಾಯಿತು. ಧ್ವನಿ ನೋಡಿಕೊಳ್ಳುವ ಯುವಕ ಬೇಸರಿಸದೆ ಎರಡು ಬಾರಿ ಕೇಳಿ, ತಗ್ಗು ಸ್ವರಗಳನ್ನು ಇಳಿಸಿ, ಪದ ಮತ್ತು ಚೆಂಡೆ ಎರಡೂ ಬಿಡಿಬಿಡಿಯಾಗಿ ಕೇಳುವಂತೆ ಮಾಡಿದ. ಇಡೀ ಹಡಗಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸೇವೆ ಇದು.

ಯಕ್ಷಗಾನದ ಮಕ್ಕಳನ್ನು ಕರೆದೊಯ್ಯುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಇಂಥ ಹಡಗುಗಳಲ್ಲಿ ದೊಡ್ಡ ರಂಗಮಂದಿರ ಸಾಮಾನ್ಯವಾಗಿ ಮುಂಭಾಗದಲ್ಲಿರುತ್ತದೆ, ಅಲೆಗಳಿಗೆ ಹಡಗಿನ ಮೂತಿ ಏಳುವುದು ಬೀಳುವುದು ಅಲ್ಲಿಯೇ ಹೆಚ್ಚು. ನಡುಭಾಗದ ಕೆಳ ಅಂತಸ್ತುಗಳಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ. ಕುಳಿತು ನೋಡುವವರಿಗೆ ತೊಟ್ಟಿಲು ತೂಗಿದಷ್ಟು ಹಿತವಾದ ಆ ಅಲುಗಾಟ, ಗಿರಗಿರನೆ ಸುತ್ತುತ್ತಾ ನೆಗೆದು ದಿಗಿಣ ಹೊಡೆಯುವ ಕಾಲಿಗೆ ಅಪಾಯಕಾರಿ. ವೇದಿಕೆಯ ಮೇಲ್ವಿಚಾರಕಿ ಅಂದಿನ ಸಮುದ್ರವನ್ನು ವಿಚಾರಿಸಿಕೊಂಡು ದಿಗಿಣ ಬೇಡವೆಂದರು; ಮಗಳ ಮುಖ ಸಣ್ಣದಾಯಿತು, ಆದರೆ ಮಾತು ನ್ಯಾಯವಾದುದು. ಹಡಗಿನಲ್ಲಿ ಬೆಂಕಿಯ ಭಯದಿಂದ ತೆರೆದ ಜ್ವಾಲೆಗೆ ಎಲ್ಲಿಯೂ ಅವಕಾಶವಿಲ್ಲದಿರುವುದರಿಂದ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಕೋಣೆಯಲ್ಲಿ, ದೀಪ ಹಚ್ಚುವ ಕ್ರಮವನ್ನೂ ಬಿಡಬೇಕಾಗುತ್ತದೆ.

ಕಾರ್ಯಕ್ರಮ ಒಂಬತ್ತೂವರೆಗೆಂದು ಹೇಳಿದ್ದರೂ ದೊಡ್ಡವರ ನೃತ್ಯ ಮುಗಿಯದೆ ಹತ್ತೂಮುಕ್ಕಾಲಕ್ಕೆ ಆರಂಭವಾಯಿತು. ಬೆಳಗಿನ ತನಕ ಬಯಲಾಟ ನೋಡಿ ಬೆಳೆದ ಊರಿನವರು ನಿದ್ದೆಗೆಟ್ಟದ್ದನ್ನು ದೂರುವುದು ಚೆನ್ನಲ್ಲ. ಆದರೆ ನಮ್ಮಲ್ಲಿ ಪೂರ್ವರಂಗದ ಮಕ್ಕಳನ್ನು ಮೊದಲು ಕುಣಿಸಿ ಮಲಗಲು ಬಿಡುತ್ತಾರೆ. ಇಲ್ಲಿ ನಾಲ್ಕೈದು ವರ್ಷದ ಪುಟಾಣಿಗಳು ಪರದೆಯ ಹಿಂದೆ ತೂಕಡಿಸುತ್ತಾ ಕಾದವು. ಸಾಲದ್ದಕ್ಕೆ, ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ನಿರೂಪಕರು ಕಾಸರಗೋಡು ಎಂಬ ಹೆಸರು ಕಂಡೊಡನೆ ಕಥಕ್ಕಳಿ ಎಂದು ಸಾರಿಬಿಟ್ಟರು. ಮಗಳು ಮೈಕಿನ ಬಳಿ ಹೋಗಿ, ಇದು ಯಕ್ಷಗಾನ, ಅದರ ತೆಂಕಣ ಶೈಲಿಯಾದ ತೆಂಕುತಿಟ್ಟು ಎಂದು ಹೇಳಿ ಬಂದಳು. ನಿರೂಪಕರು ಕ್ಷಮೆ ಕೇಳಿ ಸರಿಯಾಗಿ ಮತ್ತೊಮ್ಮೆ ಘೋಷಿಸಿದ್ದು ಅವರ ದೊಡ್ಡತನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಗು ಅಷ್ಟು ಹೇಳದಿದ್ದರೆ ಹೇಗೆ?

ಈಜುಕೊಳದ ಬಳಿಯ ಆಟಗಳ ಬಗ್ಗೆ ಇಂಥ ಮಾತು ಹೇಳಲಾರೆ. ಅಲ್ಲಿನ ನಿರೂಪಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದೊಡ್ಡವರ ಸಿನಿಮಾ ಹಾಡುಗಳಿಗೆ ಸೊಂಟ ಕುಣಿಸುವಂತೆ ಹುರಿದುಂಬಿಸುತ್ತಿದ್ದ. ಹಿಂದಿಯಲ್ಲಿ ಕೇಳಿದ ಪ್ರಶ್ನೆ ಅರ್ಥವಾಗದೆ ತಡವರಿಸಿದ ಹುಡುಗನೊಬ್ಬನ ಉಚ್ಚಾರವನ್ನು ಅಣಕಿಸಿ ನಗೆ ಗಿಟ್ಟಿಸಿಕೊಂಡ. ಕನ್ನಡ, ಮಲಯಾಳ, ತುಳು ಮೂರನ್ನೂ ಬಲ್ಲ ನಮ್ಮ ಗಡಿನಾಡಿನ ಮಕ್ಕಳಿಗೆ ಹಿಂದಿ ನಾಲ್ಕನೆಯದೋ ಐದನೆಯದೋ ಭಾಷೆ. ನಾವು ಮಗಳನ್ನು ಆ ಕಡೆ ಮತ್ತೆ ಕಳುಹಿಸಲಿಲ್ಲ.

ಛಾಯಾಚಿತ್ರಗಳದು ಇನ್ನೂ ಗಂಭೀರವಾದ ವಿಷಯ. ಪ್ರದರ್ಶನ ನೀಡಿದ ಮಕ್ಕಳ ಚಿತ್ರಗಳನ್ನು ಮರುದಿನ ಓಡಾಟದ ಹಾದಿಯ ಗೋಡೆಗೆ ಮಾರಾಟಕ್ಕಾಗಿ ಅಂಟಿಸಿದ್ದರು, ಯಾವ ಪ್ರಯಾಣಿಕನಾದರೂ ಯಾವ ಮಗುವಿನ ಚಿತ್ರವನ್ನಾದರೂ ಕೈಗೆತ್ತಿಕೊಳ್ಳಬಹುದಿತ್ತು. ನಾವು ಸಹಿ ಹಾಕಿದ ಅರ್ಜಿಯಲ್ಲಿ ಇದರ ಪ್ರಸ್ತಾಪವಿರಲಿಲ್ಲ. ಕೇಳಿಕೊಂಡ ಮೇಲೆ ಮಗಳ ಚಿತ್ರವನ್ನು ತೆಗೆದರು. ಉಳಿದವು ಹಾಗೆಯೇ ಇದ್ದವು.

ಸಭಾಕಂಪವಿಲ್ಲದ, ಏಳೆಂಟು ವರ್ಷ ದಾಟಿದ ಮಕ್ಕಳಿರುವವರಿಗೆ ಈ ಹಡಗಿನ ರಂಗಮಂದಿರವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಇನ್ನೂ ಚಿಕ್ಕವರಿಗೆ, ಈಗಿನ ವೇಳಾಪಟ್ಟಿ ಇರುವ ತನಕ, ಬೇಡ. ಧ್ವನಿಮುದ್ರಣವನ್ನು ಫೋನಿನಲ್ಲೂ ಪೆನ್‌ಡ್ರೈವಿನಲ್ಲೂ ಒಯ್ಯಿರಿ, ತಾಲೀಮನ್ನು ಕೇಳಿ ಪಡೆಯಿರಿ, ಚಿತ್ರಗಳ ಬಗ್ಗೆ ಸಹಿ ಹಾಕುವ ಮುನ್ನವೇ ವಿಚಾರಿಸಿರಿ. ಕೊಚ್ಚಿಯಲ್ಲಿ ಇಳಿಯುವಾಗ ಕೊಟ್ಟ ಅಭಿಪ್ರಾಯ ಪತ್ರದಲ್ಲಿ ಮಕ್ಕಳ ಕಾರ್ಯಕ್ರಮವನ್ನು ರಾತ್ರಿಯೂಟಕ್ಕೆ ಮೊದಲೇ ನಡೆಸಬೇಕೆಂದೂ, ಚಿತ್ರಗಳನ್ನು ಆಯಾ ಕುಟುಂಬಕ್ಕೆ ಮಾತ್ರ ತೋರಿಸಬೇಕೆಂದೂ ಬರೆದಿದ್ದೇನೆ. ಪತ್ರ ತಲುಪಿದೆ ಎಂಬ ಸಂದೇಶ ಬಂದಿದೆ, ಉತ್ತರ ಬಂದಿಲ್ಲ.