ಯುಬಿಕೀ 5ಸಿ ಎನ್‌ಎಫ್‌ಸಿ: ಕ್ರಿಪ್ಟೋ ಖಾತೆಗೆ ಹಾಕಿ ಬಹುಕಾಲ ಬಳಸಿದ ಮೇಲೆ

2025ರ ಮೇ ತಿಂಗಳಲ್ಲಿ ಕ್ರಿಪ್ಟೋ ನಾಣ್ಯ ಕೊಳ್ಳುವ, ಮಾರುವ ಎಕ್ಸ್‌ಚೇಂಜ್ ಕಾಯಿನ್‌ಬೇಸ್ ಬಹಿರಂಗಪಡಿಸಿದ ಸೋರಿಕೆಯಲ್ಲಿ ಪಾಸ್‌ವರ್ಡ್ ಹೋಗಿರಲಿಲ್ಲ. ಲಂಚ ತಿಂದ ಸಹಾಯವಾಣಿ ಸಿಬ್ಬಂದಿಯ ಮೂಲಕ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಗುರುತುಚೀಟಿಯ ಚಿತ್ರ ಹೊರಬಿದ್ದವು. ಇಷ್ಟು ಸಿಕ್ಕಿದರೆ ಸಾಕು, ಕಳ್ಳ ಎಕ್ಸ್‌ಚೇಂಜಿನವನಂತೆ ಫೋನ್ ಮಾಡಿ, ನಕಲಿ ಲಿಂಕ್ ಕಳಿಸಿ, ಓಟಿಪಿ ಕೇಳುತ್ತಾನೆ. ಲಾಗಿನ್ ಆಗುವಾಗ ಯುಎಸ್‌ಬಿಗೆ ಚುಚ್ಚುವ ಅಥವಾ ಫೋನಿಗೆ ತಾಗಿಸುವ ಪುಟ್ಟ ಭದ್ರತಾ ಕೀ ಯುಬಿಕೀ ಕೆಲಸಕ್ಕೆ ಬರುವುದು ಇಲ್ಲೇ. ನೋಂದಾಯಿಸಿದ ಸೈಟಿನ ವಿಳಾಸಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಒಂದಕ್ಷರ ಬೇರೆಯಿರುವ ನಕಲಿ ಪುಟದಲ್ಲಿ ನಾವೇ ನಂಬಿ ಕೀ ಮೇಲೆ ಬೆರಳಿಟ್ಟರೂ ಲಾಗಿನ್ ಆಗುವುದಿಲ್ಲ. ಫೋನಿನಲ್ಲಿ ಓದಿ ಹೇಳಲು ಅಂಕೆಯೂ ಇರುವುದಿಲ್ಲ.

ಎರಡು ಕೀ ಕೊಂಡು ಎರಡನ್ನೂ ಒಂದೇ ದಿನ ನೋಂದಾಯಿಸಿ. ಗಲ್ಫಿನಲ್ಲಿರುವವರು ಒಂದನ್ನು ಊರ ಮನೆಯಲ್ಲಿ ಬಿಡಬಹುದು. ಮೊದಲು ಜಿಮೇಲ್‌ಗೆ ಹಾಕಿ, ಪಾಸ್‌ವರ್ಡ್ ರೀಸೆಟ್ ಬರುವುದು ಅಲ್ಲಿಗೆ. ಆಮೇಲೆ ಎಕ್ಸ್‌ಚೇಂಜಿನ ಪಾಸ್‌ವರ್ಡ್ ಬದಲಿಸಿ, ತೆರೆದಿರುವ ಲಾಗಿನ್‌ಗಳನ್ನೆಲ್ಲ ಮುಚ್ಚಿ, ಹಳೆಯ ಎಪಿಐ ಕೀಗಳನ್ನು (ಬೇರೆ ಆ್ಯಪ್‌ಗಳಿಗೆ ಖಾತೆ ಬಳಸಲು ಕೊಟ್ಟ ಕೋಡ್‌ಗಳು) ಅಳಿಸಿ, ವಿತ್‌ಡ್ರಾ ವಿಳಾಸಗಳ ವೈಟ್‌ಲಿಸ್ಟ್ (ನೀವು ಒಪ್ಪಿದ ವಿಳಾಸಗಳಿಗೆ ಮಾತ್ರ ನಾಣ್ಯ ಹೋಗುವ ವ್ಯವಸ್ಥೆ) ಆನ್ ಮಾಡಿ.

ಎಸ್‌ಎಂಎಸ್ ಓಟಿಪಿ ತೆಗೆಯದಿದ್ದರೆ ಇದೆಲ್ಲ ವ್ಯರ್ಥ. "ಬೇರೆ ವಿಧಾನ" ಎಂದು ಒತ್ತಿದರೆ ಕಳ್ಳನಿಗೆ ಹಿತ್ತಿಲ ಬಾಗಿಲು ತೆರೆದೇ ಇರುತ್ತದೆ. ಮಂಜೇಶ್ವರ, ಕುಂಬಳೆ ಕಡೆ ಇದು ದೊಡ್ಡ ವಿಷಯ: ದುಬಾಯಿ ಬಿಟ್ಟು ಬಂದವರ ಹಳೆಯ ನಂಬರ್ ಜಿಮೇಲ್ ರಿಕವರಿಯಲ್ಲಿ ಹಾಗೇ ಉಳಿದಿರುತ್ತದೆ, ರೀಚಾರ್ಜ್ ನಿಂತ ನಂಬರ್ ಕೊನೆಗೆ ಇನ್ನೊಬ್ಬರ ಕೈ ಸೇರುತ್ತದೆ.

ಕೀ ಒಪ್ಪದ ಎಕ್ಸ್‌ಚೇಂಜುಗಳೂ ಇವೆ. ಅಲ್ಲಿ ಯುಬಿಕೋ ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಕೋಡ್ ಬಳಸಬಹುದು. ಎಸ್‌ಎಂಎಸ್‌ಗಿಂತ ವಾಸಿ, ಆದರೆ ಆ ಆರಂಕಿಯನ್ನು ನಕಲಿ ಪುಟ ಕಸಿದುಕೊಳ್ಳಬಲ್ಲದು.

ಬ್ಯಾಟರಿ ಇಲ್ಲ, ಮಳೆಗಾಲಕ್ಕೂ ಹೆದರಬೇಕಿಲ್ಲ. ಫೋನಿಗೆ ದಪ್ಪ ಕವರ್ ಇದ್ದರೆ ಎನ್‌ಎಫ್‌ಸಿ (ತಾಗಿಸಿ ಓದಿಸುವ ವಿಧಾನ) ಹಿಡಿಯದು, ಆಗ ಯುಎಸ್‌ಬಿಗೆ ಚುಚ್ಚುವುದೇ ಸಲೀಸು. ಕೀಯ ಪಿನ್ 3 ಸಲ ತಪ್ಪಿದರೆ ಕೀ ತೆಗೆದು ಮತ್ತೆ ಚುಚ್ಚಬೇಕು. ಸತತ 8 ಸಲ ತಪ್ಪಿದರೆ ಲಾಕ್, ರೀಸೆಟ್ ಮಾಡಿದರೆ ನೋಂದಣಿಗಳೆಲ್ಲ ಅಳಿಸಿಹೋಗುತ್ತವೆ. ಫರ್ಮ್‌ವೇರ್ (ಕೀಯೊಳಗಿನ ತಂತ್ರಾಂಶ) ಅಪ್‌ಡೇಟ್ ಆಗುವುದಿಲ್ಲ, ಹಾಗಾಗಿ ಕೊಳ್ಳುವಾಗಲೇ 5.7 ಅಥವಾ ಅದಕ್ಕಿಂತ ಹೊಸತನ್ನು ಕೇಳಿ. ಹಳೆಯವುಗಳ ದೋಷ 2024ರ ಸೆಪ್ಟೆಂಬರಿನಲ್ಲಿ ಹೊರಬಂತು. ಆ ದೋಷವನ್ನು ಬಳಸಲು ಕಳ್ಳನಿಗೆ ಕೀ ಕೈಗೆ ಸಿಗಬೇಕು, ವಿಶೇಷ ಉಪಕರಣವೂ ಬೇಕು. ಆದ್ದರಿಂದ ಹಳೆಯ ಕೀ ಎಸೆಯಬೇಡಿ.

ಎಕ್ಸ್‌ಚೇಂಜೇ ದೋಚಿಹೋದರೆ ಕೀ ಏನೂ ಮಾಡದು. 2024ರ ಜುಲೈಯಲ್ಲಿ ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ವಾಲೆಟ್ಟಿನಿಂದಲೇ ಸುಮಾರು 23 ಕೋಟಿ ಡಾಲರ್ ಹೋಯಿತು. ಬಹುಕಾಲ ಇಡುವ ನಾಣ್ಯಗಳನ್ನು ಸ್ವಂತ ಹಾರ್ಡ್‌ವೇರ್ ವಾಲೆಟ್ಟಿಗೆ (ನಾಣ್ಯಗಳ ಗುಪ್ತ ಕೀಯನ್ನು ನಮ್ಮ ಬಳಿಯೇ ಇಡುವ ಸಾಧನ) ಸಾಗಿಸಿ, ಮೊದಲು ಸಣ್ಣ ಮೊತ್ತ ಕಳಿಸಿ ತಲುಪಿತೇ ನೋಡಿ. ಹಣ ಹೋದದ್ದು ಗೊತ್ತಾದ ಕೂಡಲೇ ಎಕ್ಸ್‌ಚೇಂಜಿಗೆ ಹೇಳಿ ಖಾತೆ ತಡೆಹಿಡಿಸಿ, ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.