ಒಂದೇ ಬೀಮ್, ಐದು ಲೆಕ್ಕ: ಶಿಯರ್ ಹತ್ತಿರ ಬಂದಾಗ ಬೇರೆ ಬೇರೆ ಉತ್ತರ

ಬೀಮಿನ ಸ್ಟ್ರೆಸ್ (ಪ್ರತಿ ಚದರ ಮಿಮೀ ಮೇಲೆ ಬೀಳುವ ಬಲ) ಲೆಕ್ಕಕ್ಕೆ ಯಾವ ದಾರಿ ಒಳ್ಳೆಯದು? ಕಾಗದ-ಕ್ಯಾಲ್ಕುಲೇಟರಾ, ಸ್ಪ್ರೆಡ್‌ಶೀಟಾ, ಸಾಫ್ಟ್‌ವೇರಾ? ಬಾಯಿಮಾತಿನ ವಾದದಿಂದ ಇದು ಬಗೆಹರಿಯುವುದಿಲ್ಲ. ಅದಕ್ಕೇ ಒಂದೇ ಬೀಮನ್ನು ಐದು ದಾರಿಯಲ್ಲಿ ಹಾಕಿ ನೋಡಿದೆ: ಕಾಗದ, ಆನ್‌ಲೈನ್ ಕ್ಯಾಲ್ಕುಲೇಟರ್, ಫ್ರೇಮ್ ಸಾಫ್ಟ್‌ವೇರ್, ಫೈನೈಟ್ ಎಲಿಮೆಂಟ್, ಸ್ಪ್ರೆಡ್‌ಶೀಟ್.

ಬೀಮ್ ಹೀಗಿದೆ. ಪ್ಲೇಟುಗಳನ್ನು ವೆಲ್ಡ್ ಮಾಡಿದ ಉಕ್ಕಿನ ಐ-ಸೆಕ್ಷನ್. ಒಟ್ಟು ಎತ್ತರ 300 ಮಿಮೀ. ಫ್ಲೇಂಜ್ (ಮೇಲೆ, ಕೆಳಗೆ ಇರುವ ಅಡ್ಡ ಪ್ಲೇಟು) 150 ಮಿಮೀ ಅಗಲ, 10 ಮಿಮೀ ದಪ್ಪ. ವೆಬ್ (ಅವೆರಡರ ನಡುವೆ ನಿಂತ ಪ್ಲೇಟು) 8 ಮಿಮೀ ದಪ್ಪ. ಸ್ಪ್ಯಾನ್ 6 ಮೀಟರ್, ಎರಡೂ ತುದಿ ಸಿಂಪ್ಲಿ ಸಪೋರ್ಟೆಡ್, ಅಂದರೆ ತಿರುಗಲು ಅಡ್ಡಿಯಿಲ್ಲದ ಹಾಗೆ ಕೂರಿಸಿದ್ದು. ಸ್ವಂತ ತೂಕವೂ ಸೇರಿ ಮೀಟರಿಗೆ 20 ಕಿಲೋನ್ಯೂಟನ್ ಲೋಡ್. ನಡುವೆ ಮೊಮೆಂಟ್ (ಬಗ್ಗಿಸುವ ಪರಿಣಾಮ) 90 ಕಿಲೋನ್ಯೂಟನ್-ಮೀಟರ್, ತುದಿಯಲ್ಲಿ ಶಿಯರ್ (ಕತ್ತರಿಸುವ ಬಲ) 60 ಕಿಲೋನ್ಯೂಟನ್. ಇಲ್ಲಿ ನೋಡಿದ್ದು ಸ್ಟ್ರೆಸ್ ಮಾತ್ರ. ಮೇಲಿನ ಫ್ಲೇಂಜ್ ಪಕ್ಕಕ್ಕೆ ಹೊರಳುವ ಬಕ್ಲಿಂಗ್ ಬೇರೆಯೇ ಲೆಕ್ಕ, ಅದನ್ನು ಬಿಡುವ ಹಾಗಿಲ್ಲ.

ಬೆಂಡಿಂಗ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ಸೆಕ್ಷನ್ನಿನ ಆಕಾರ ಬಗ್ಗುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ, 7.773 ಕೋಟಿ ಮಿಮೀ⁴. ಅದನ್ನು ಅರ್ಧ ಎತ್ತರ 150ರಿಂದ ಭಾಗಿಸಿದರೆ ಸೆಕ್ಷನ್ ಮಾಡ್ಯುಲಸ್ ಸುಮಾರು 5,18,200 ಮಿಮೀ³. ಮೊಮೆಂಟನ್ನು ಇದರಿಂದ ಭಾಗಿಸಿದರೆ ಸ್ಟ್ರೆಸ್ 173.7 ಮೆಗಾಪಾಸ್ಕಲ್. ಕಾಗದದಲ್ಲೂ ಇದೇ, ಶೀಟ್‌ನಲ್ಲೂ ಇದೇ, ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲೂ ಇದೇ. ಬೆಂಡಿಂಗ್ ಮಾತ್ರ ನೋಡಿ ಯಾವ ದಾರಿ ಒಳ್ಳೆಯದು ಅಂತ ತೀರ್ಮಾನ ಮಾಡಿದರೆ ಈ ಮೂರೂ ಒಂದೇ ಥರ ಕಾಣುತ್ತವೆ. ಇವುಗಳ ವ್ಯತ್ಯಾಸ ಗೊತ್ತಾಗುವುದು ಶಿಯರ್ ಹತ್ತಿರ ಬಂದಾಗ.

ಕಾಗದದಿಂದ ಶುರು ಮಾಡಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ: ವಿ ಕ್ಯೂ ಬೈ ಐ ಬಿ. ಬಾಯಿಪಾಠ ಆಗಿರುವುದರಿಂದಲೇ ತಪ್ಪು ಜಾಸ್ತಿ. ವಿ ಅಂದರೆ ಶಿಯರ್ ಬಲ, ಐ ಅಂದರೆ ಮೇಲೆ ಹೇಳಿದ ಇನರ್ಷಿಯಾ. ಕ್ಯೂ ಅಂದರೆ, ನಾವು ಶಿಯರ್ ಹುಡುಕುತ್ತಿರುವ ಗೆರೆಯಿಂದ ಹೊರಗಿರುವ ಭಾಗದ ಏರಿಯಾ, ಗುಣಿಸು ಆ ಭಾಗದ ಸೆಂಟ್ರಾಯ್ಡ್ (ಏರಿಯಾದ ಕೇಂದ್ರ) ನ್ಯೂಟ್ರಲ್ ಆಕ್ಸಿಸ್‌ನಿಂದ (ಬಗ್ಗಿದಾಗ ಎಳೆತವೂ ಒತ್ತುವಿಕೆಯೂ ಇಲ್ಲದ ಗೆರೆ) ಎಷ್ಟು ದೂರ ಇದೆಯೋ ಅಷ್ಟು. ಬಿ ಅಂದರೆ ಆ ಗೆರೆಯಲ್ಲಿ ಗರಗಸ ಇಟ್ಟು ಅಡ್ಡಲಾಗಿ ಕೊಯ್ದರೆ ಎಷ್ಟು ಅಗಲ ಕೊಯ್ಯಬೇಕಾಗುತ್ತದೋ ಅದು. ನ್ಯೂಟ್ರಲ್ ಆಕ್ಸಿಸ್‌ನಲ್ಲಿ ಗರಗಸಕ್ಕೆ ಸಿಗುವುದು 8 ಮಿಮೀ ವೆಬ್ ಮಾತ್ರ. ಫ್ಲೇಂಜಿನ ಪಾಲು 2,17,500, ಅರ್ಧ ವೆಬ್‌ನ ಪಾಲು 78,400, ಕೂಡಿದರೆ ಕ್ಯೂ 2,95,900 ಮಿಮೀ³. ಉತ್ತರ 28.5 ಮೆಗಾಪಾಸ್ಕಲ್.

ಮೊದಲ ಸಲ ನನಗೆ ಬಂದಿದ್ದು 1.5. ಬಿ ಜಾಗದಲ್ಲಿ 150 ಹಾಕಿದ್ದೆ. ಕಲಿಯುವಾಗ ಚೌಕದ ಮರದ ಬೀಮಿನಲ್ಲೇ ಅಭ್ಯಾಸ ಆಗಿರುತ್ತದೆ, ಅಲ್ಲಿ ಎಲ್ಲಿ ಕೊಯ್ದರೂ ಬಿ ಒಂದೇ. ಆ ಅಭ್ಯಾಸ ಐ-ಸೆಕ್ಷನ್‌ಗೂ ಬಂದುಬಿಡುತ್ತದೆ. ಕಾಗದದ ದೊಡ್ಡ ಗುಣ ಏನೆಂದರೆ ಈ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಅರವತ್ತು ಕಿಲೋನ್ಯೂಟನ್ ಶಿಯರ್ ಇದ್ದು ಒಂದೂವರೆ ಮೆಗಾಪಾಸ್ಕಲ್ ಬಂದರೆ ಏನೋ ಎಡವಟ್ಟಾಗಿದೆ ಅಂತ ಯಾರಿಗಾದರೂ ಅನ್ನಿಸಬೇಕು.

ಕಾಗದದಲ್ಲಿ ಇನ್ನೊಂದು ಲಾಭ ಇದೆ. ಸೂತ್ರದಿಂದ ಬಿಯನ್ನು ತೆಗೆದುಬಿಟ್ಟರೆ ಶಿಯರ್ ಫ್ಲೋ, ಅಂದರೆ ಬೀಮಿನ ಉದ್ದದ ಪ್ರತಿ ಮಿಮೀಗೆ ಬೀಳುವ ಶಿಯರ್ ಬಲ, ಸಿಗುತ್ತದೆ. ಫ್ಲೇಂಜ್ ಮತ್ತು ವೆಬ್ ಸೇರುವ ಜಾಗದಲ್ಲಿ ಅದು ಮಿಮೀಗೆ 168 ನ್ಯೂಟನ್. ವೆಬ್‌ನ ಎರಡೂ ಕಡೆ ಫಿಲೆಟ್ ವೆಲ್ಡ್ (ಮೂಲೆಗೆ ಹಾಕುವ ವೆಲ್ಡ್) ಇದೆ, ಹಾಗಾಗಿ ಒಂದೊಂದರ ಪಾಲಿಗೆ 84. 4 ಮಿಮೀ ಫಿಲೆಟ್ ಅಂದರೆ ಥ್ರೋಟ್ (ವೆಲ್ಡ್‌ನ ಅತಿ ಕಿರಿದಾದ ದಪ್ಪ) 2.8 ಮಿಮೀ. ವೆಲ್ಡ್‌ನಲ್ಲಿ ಸ್ಟ್ರೆಸ್ 30 ಮೆಗಾಪಾಸ್ಕಲ್. ಎರಡೇ ಸಾಲಿನಲ್ಲಿ ವೆಲ್ಡ್ ಕೂಡ ನೋಡಿದಂತಾಯಿತು. ನಾನು ಬಳಸಿದ ಸಾಫ್ಟ್‌ವೇರುಗಳಲ್ಲಿ ಈ ಅಂಕಿ ತಾನಾಗಿ ಬರಲಿಲ್ಲ.

ಬೀಮಿನ ಉದ್ದಕ್ಕೂ ಶಿಯರ್ ಯಾಕೆ ಬರಬೇಕು ಅನ್ನುವವರು ಒಂದು ದಪ್ಪ ಕಾಗದದ ಕಟ್ಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ನೆಟ್ಟಗಿದ್ದ ಅಂಚು ಓರೆಯಾಗುತ್ತದೆ. ಹಾಗೇ ಬಗ್ಗಿಸಿಕೊಂಡು ಎರಡೂ ಅಂಚನ್ನು ಕ್ಲಿಪ್ ಹಾಕಿ ಬಿಗಿ ಮಾಡಿ ಕೈಬಿಡಿ, ಕಟ್ಟು ಬಾಗಿದ ಹಾಗೇ ನಿಲ್ಲುತ್ತದೆ. ಆ ಜಾರಾಟವನ್ನು ತಡೆಯುವ ಬಲವೇ ಇದು. ರಷ್ಯಾದ ರೈಲ್ವೆ ಎಂಜಿನಿಯರ್ ಝುರಾವ್‌ಸ್ಕಿ ಈ ಲೆಕ್ಕ ಹಿಡಿದದ್ದು ಮರದ ಸೇತುವೆಗಳ ಕೆಲಸದಲ್ಲಿ. 1850ರ ದಶಕದಲ್ಲಿ ಅದು ಪ್ರಕಟವಾಯಿತು. ಮರ ಎಳೆಯ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಹಾಗಾಗಿ ಅವನ ಕೆಲಸದಲ್ಲಿ ಇದು ಮುಖ್ಯವಾದ ಪ್ರಶ್ನೆ. ಅದಕ್ಕೂ ಎರಡು ಶತಮಾನ ಮೊದಲೇ, 1638ರಲ್ಲಿ, ಗೆಲಿಲಿಯೋ ಬೀಮಿನ ಬೆಂಡಿಂಗ್‌ಗೆ ಕೈ ಹಾಕಿದ್ದ. ಇಡೀ ಸೆಕ್ಷನ್ ಸಮನಾಗಿ ಎಳೆತದಲ್ಲಿದೆ, ತಿರುಗುವುದು ಕೆಳ ಅಂಚಿನ ಸುತ್ತ ಅಂದುಕೊಂಡ. ಚೌಕದ ಸೆಕ್ಷನ್‌ಗೆ ಆ ಲೆಕ್ಕ ಈಗಿನದಕ್ಕಿಂತ ಮೂರು ಪಟ್ಟು ಜಾಸ್ತಿ ಬಲ ತೋರಿಸುತ್ತದೆ. ಅಷ್ಟು ದೊಡ್ಡ ತಲೆಗೂ ನ್ಯೂಟ್ರಲ್ ಆಕ್ಸಿಸ್ ಸುಲಭಕ್ಕೆ ಸಿಗಲಿಲ್ಲ. ಕಲಿಯುವವರು ಎಡವಿದರೆ ಗದರಿಸಬಾರದು ಅಂತ ನನಗೆ ಅನ್ನಿಸುವುದು ಇದಕ್ಕೇ.

ಆನ್‌ಲೈನ್ ಬೀಮ್ ಕ್ಯಾಲ್ಕುಲೇಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಮೆಂಟ್, ಶಿಯರ್ ಡಯಾಗ್ರಾಂ ಚೆನ್ನಾಗಿ ಬಂತು, ಕ್ಷಣದಲ್ಲಿ ಬಂತು. ಆದರೆ ಶಿಯರ್ ಸ್ಟ್ರೆಸ್ ಅಂತ 11.5 ಮೆಗಾಪಾಸ್ಕಲ್ ಕೊಟ್ಟಿತು. ಎಲ್ಲಿಂದ ಬಂತು ಅಂತ ನೋಡಿದರೆ, 60 ಕಿಲೋನ್ಯೂಟನ್ನನ್ನು ಇಡೀ ಏರಿಯಾ 5,240 ಮಿಮೀ²ರಿಂದ ಭಾಗಿಸಿದೆ. ಫ್ಲೇಂಜ್ ಕೂಡ ಲಂಬ ಶಿಯರ್ ಹೊರುತ್ತದೆ ಅಂತ ಲೆಕ್ಕ ಹಾಕಿದಂತಾಯಿತು. ನಿಜವಾದ ಗರಿಷ್ಠ ಇದರ ಎರಡೂವರೆ ಪಟ್ಟು. ಡಯಾಗ್ರಾಂಗೆ ಬಳಸಿ, ಸ್ಟ್ರೆಸ್‌ಗೆ ಬೇಡ.

ಫ್ರೇಮ್ ಸಾಫ್ಟ್‌ವೇರ್ (ಇಡೀ ಕಟ್ಟಡದ ಬೀಮು, ಕಂಬಗಳನ್ನು ಒಟ್ಟಿಗೆ ಲೆಕ್ಕ ಹಾಕುವುದು) ಕಟ್ಟಡದ ಕೆಲಸದಲ್ಲಿ ಇಲ್ಲದೆ ಆಗುವುದಿಲ್ಲ, ಅಲ್ವಾ? ನೂರಾರು ಬೀಮ್, ಹತ್ತಾರು ಲೋಡ್ ಕಾಂಬಿನೇಷನ್ ಇದ್ದಾಗ ಕಾಗದ ಹಿಡಿದು ಕೂರಲು ಸಾಧ್ಯವಿಲ್ಲ. ಆದರೆ ಈ ಒಂದು ಬೀಮಿಗೇ ಅದು ಮೊದಲು 80 ಕಿಲೋನ್ಯೂಟನ್-ಮೀಟರ್ ಅಂತ ತೋರಿಸಿತು, 90 ಅಲ್ಲ. ಕಾರಣ ತುಂಬಾ ಸಣ್ಣದು. ಫಲಿತಾಂಶ ನಾಲ್ಕು ಜಾಗದಲ್ಲಿ ಮಾತ್ರ ಕೊಡು ಅಂತ ಸೆಟ್ ಆಗಿತ್ತು: 0, 2, 4, 6 ಮೀಟರ್. ನಡುವಿನ 3 ಮೀಟರ್ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. 2 ಮೀಟರಿನಲ್ಲಿ ಮೊಮೆಂಟ್ ನಿಜವಾಗಿಯೂ 80ನೇ. ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ, ನಾನು ಕೇಳಬೇಕಾದ ಜಾಗದಲ್ಲಿ ಕೇಳಿರಲಿಲ್ಲ. ಐದು ಜಾಗ ಮಾಡಿದ ಕೂಡಲೇ 90 ಬಂತು, ಸ್ಟ್ರೆಸ್ 173.7ಕ್ಕೆ ಕೂತಿತು. ಕಾಗದದ ಲೆಕ್ಕ ಪಕ್ಕದಲ್ಲಿ ಇಲ್ಲದಿದ್ದರೆ ಶೇಕಡ 11 ಕಡಿಮೆ ಮೊಮೆಂಟಿನಲ್ಲೇ ಮುಂದೆ ಹೋಗುತ್ತಿದ್ದೆ.

ಶಿಯರ್ ಸ್ಟ್ರೆಸ್ ಅದು 25.0 ಕೊಟ್ಟಿತು. ಪೂರ್ತಿ ಎತ್ತರ ಗುಣಿಸು ವೆಬ್ ದಪ್ಪ, ಅದರಿಂದ ಭಾಗಾಕಾರ. ಇದು ಸರಾಸರಿ. ಗರಿಷ್ಠ ಇದಕ್ಕಿಂತ ಶೇಕಡ 14 ಜಾಸ್ತಿ. ಡಕ್ಟೈಲ್ (ಮುರಿಯದೆ ಹಿಗ್ಗಬಲ್ಲ) ಉಕ್ಕಿನ ಬೀಮಿನಲ್ಲಿ ವೆಬ್ ಒಂದು ಕಡೆ ಯೀಲ್ಡ್ ಆದರೆ, ಅಂದರೆ ಮಣಿದರೆ, ಪಕ್ಕದ ಭಾಗ ಹೊರೆ ಹಂಚಿಕೊಳ್ಳುತ್ತದೆ, ಹಾಗಾಗಿ ಸರಾಸರಿಯಲ್ಲಿ ಡಿಸೈನ್ ಮಾಡುವುದು ಒಪ್ಪಿತ ಪದ್ಧತಿಯೇ. ಆದರೆ ಯಾವ ಸಂಖ್ಯೆ ನೋಡುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು. ಡಿಫ್ಲೆಕ್ಷನ್‌ನಲ್ಲೂ (ಬೀಮ್ ನಡುವೆ ತಗ್ಗುವ ಅಳತೆ) ಇಂಥದೇ ಒಂದು ಸಣ್ಣ ವ್ಯತ್ಯಾಸ ಬಂತು. ಕಾಗದದಲ್ಲಿ 21.7 ಮಿಮೀ, ಇಲ್ಲಿ 22.2. ಆ ಅರ್ಧ ಮಿಮೀ ಶಿಯರ್‌ನಿಂದ ಆಗುವ ಬಾಗು. ಟಿಮೊಶೆಂಕೊ 1921ರಲ್ಲಿ ಸೇರಿಸಿದ ಅಂಶ ಅದು.

ಫೈನೈಟ್ ಎಲಿಮೆಂಟ್‌ನಲ್ಲಿ, ಅಂದರೆ ಬೀಮನ್ನು ಸಣ್ಣ ಸಣ್ಣ ತುಂಡುಗಳ ಬಲೆಯಾಗಿ (ಮೆಶ್) ಒಡೆದು ಲೆಕ್ಕ ಹಾಕುವ ಸಾಫ್ಟ್‌ವೇರಿನಲ್ಲಿ, ಇದೇ ಬೀಮನ್ನು ಶೆಲ್ ಆಗಿ (ತೆಳು ಹಾಳೆಗಳ ಹಾಗೆ) ಹಾಕಿದೆ. ಚಿತ್ರ ನೋಡಲು ತುಂಬಾ ಚೆಂದ. ಆದರೆ ನಡುವಿನ ಸ್ಟ್ರೆಸ್ 170 ಬಂತು. ಎಲ್ಲಿ ಹೋಯಿತು ಆ 3.7? ಒಂದು ಸಂಜೆ ಪೂರ್ತಿ ಇದಕ್ಕೆ ಹೋಯಿತು. ಶೆಲ್‌ನಲ್ಲಿ ಪ್ಲೇಟಿನ ನಡುಗೆರೆಯನ್ನು ಬರೆಯುತ್ತೇವೆ. ಹಾಗಾಗಿ ವೆಬ್ 280ರ ಬದಲು 290 ಎತ್ತರ ಆಗುತ್ತದೆ, ಮೇಲೆ 5 ಕೆಳಗೆ 5 ಮಿಮೀ ಫ್ಲೇಂಜಿನೊಳಗೆ ನುಗ್ಗಿ ಅಲ್ಲಿನ ಉಕ್ಕು ಎರಡು ಸಲ ಎಣಿಕೆಯಾಗುತ್ತದೆ. ಇನರ್ಷಿಯಾ ಶೇಕಡ 2ರಷ್ಟು ಏರುತ್ತದೆ, ಸ್ಟ್ರೆಸ್ ಅಷ್ಟೇ ಇಳಿಯುತ್ತದೆ. ಕೈಯಲ್ಲಿ ಈ ಸಣ್ಣ ಲೆಕ್ಕ ಮಾಡಿದಾಗ 170.1 ಬಂತು. ಆ ಸಂಜೆ ವ್ಯರ್ಥ ಅನ್ನಿಸಲಿಲ್ಲ.

ಸಪೋರ್ಟ್ ಹತ್ತಿರ ಇನ್ನೂ ದೊಡ್ಡ ತೊಂದರೆ. ಒಂದೇ ಗೆರೆಯ ಮೇಲೆ ಬೀಮ್ ಕೂರಿಸಿದ್ದೆ. ಮೆಶ್‌ನ ತುಂಡುಗಳನ್ನು ಅರ್ಧ ಮಾಡಿದಾಗಲೆಲ್ಲ ಅಲ್ಲಿ ಕೆಂಪಾಗಿ ಕಾಣುವ ಸ್ಟ್ರೆಸ್ ಏರುತ್ತಲೇ ಹೋಯಿತು, ಎಲ್ಲೂ ನಿಲ್ಲಲಿಲ್ಲ. ಅಗಲವೇ ಇಲ್ಲದ ಗೆರೆಯ ಮೇಲೆ 60 ಕಿಲೋನ್ಯೂಟನ್ ಕೂತರೆ ನಿಲ್ಲುವುದೂ ಇಲ್ಲ. 100 ಮಿಮೀ ಅಗಲದ ಬೇರಿಂಗ್ (ಬೀಮ್ ಕೂರುವ ಜಾಗ) ಮತ್ತು ಒಂದು ಸ್ಟಿಫ್ನರ್ (ವೆಬ್ ಗಟ್ಟಿ ಮಾಡುವ ಪ್ಲೇಟು) ಕೊಟ್ಟ ಮೇಲೆ ಸರಿಹೋಯಿತು. ವೆಬ್‌ನಲ್ಲಿ ಪೈಪ್ ಹೋಗಲು ತೂತು ಇದ್ದರೆ, ಬೀಮ್ ತುಂಬಾ ಗಿಡ್ಡ ಇದ್ದರೆ, ಫ್ಲೇಂಜ್ ತುಂಬಾ ಅಗಲ ಇದ್ದರೆ ಈ ದಾರಿ ಬೇಕೇ ಬೇಕು. ಸಾದಾ ಬೀಮಿಗೆ ಬೇಡ.

ದಿನದ ಕೆಲಸಕ್ಕೆ ನನ್ನ ಆಯ್ಕೆ ಸ್ಪ್ರೆಡ್‌ಶೀಟ್. ಅದೂ ನಾವೇ ಕಟ್ಟಿದ್ದು, ಬೇರೆಯವರಿಂದ ಇಳಿಸಿಕೊಂಡದ್ದಲ್ಲ. ಸೆಕ್ಷನ್ನನ್ನು ಮೇಲಿಂದ ಕೆಳಗೆ 1 ಮಿಮೀ ಪಟ್ಟಿಗಳಾಗಿ ಸೀಳಿದೆ, 300 ಸಾಲು. ಪ್ರತಿ ಸಾಲಿನಲ್ಲಿ ಅಗಲ, ಏರಿಯಾ, ನ್ಯೂಟ್ರಲ್ ಆಕ್ಸಿಸ್‌ನಿಂದ ದೂರ, ಅವೆರಡರ ಗುಣಾಕಾರ, ಮೇಲಿನಿಂದ ಕೂಡುತ್ತಾ ಬಂದ ಮೊತ್ತ. ಆ ಮೊತ್ತವೇ ಕ್ಯೂ. ಬಿ ಆಯಾ ಸಾಲಿನ ಅಗಲ, ಹಾಗಾಗಿ ನಾನು ಮೊದಲು ಮಾಡಿದ ತಪ್ಪು ಇಲ್ಲಿ ನುಸುಳಲು ಜಾಗವೇ ಇಲ್ಲ. ಗ್ರಾಫ್ ಹಾಕಿದರೆ ವಿಷಯ ಎದ್ದು ಕಾಣುತ್ತದೆ. ಫ್ಲೇಂಜ್ ಮುಗಿಯುವಲ್ಲಿ ಶಿಯರ್ 1.1 ಮೆಗಾಪಾಸ್ಕಲ್. ಒಂದೇ ಹೆಜ್ಜೆಯಲ್ಲಿ, ವೆಬ್ ಶುರುವಾಗುತ್ತಲೇ, 21.0. ಅಲ್ಲಿಂದ ಮೆಲ್ಲಗೆ ಏರಿ ನಡುವೆ 28.5.

ಪರೀಕ್ಷೆಗೆ ಒಂದು ಸಾಲು ಇಟ್ಟಿದ್ದೇನೆ: ಪ್ರತಿ ಪಟ್ಟಿಯ ಸ್ಟ್ರೆಸ್ ಗುಣಿಸು ಏರಿಯಾ, ಎಲ್ಲ ಕೂಡಿದರೆ 60 ಕಿಲೋನ್ಯೂಟನ್ ವಾಪಸ್ ಬರಬೇಕು. ಬರದಿದ್ದರೆ ಮುಂದೆ ಹೋಗುವುದಿಲ್ಲ. ಅದರಲ್ಲಿ 58.3 ವೆಬ್‌ನ ಪಾಲು, ಅಂದರೆ ಶೇಕಡ 97. ಟಿ-ಸೆಕ್ಷನ್ ಬಂದರೂ ಅಗಲದ ಕಾಲಂ ಬದಲಿಸಿದರೆ ಸಾಕು, ನ್ಯೂಟ್ರಲ್ ಆಕ್ಸಿಸ್ ತಾನೇ ಜಾಗ ಹುಡುಕಿಕೊಳ್ಳುತ್ತದೆ.

ಶೀಟ್ ಇದ್ದಿದ್ದರಿಂದ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಬಂತು. ಸಿಂಪ್ಲಿ ಸಪೋರ್ಟೆಡ್ ಬೀಮಿನಲ್ಲಿ ದೊಡ್ಡ ಮೊಮೆಂಟ್ ನಡುವೆ, ದೊಡ್ಡ ಶಿಯರ್ ತುದಿಯಲ್ಲಿ, ಎರಡೂ ಒಂದೇ ಕಡೆ ಸೇರುವುದಿಲ್ಲ. ತುದಿಗಳನ್ನು ಫಿಕ್ಸ್ ಮಾಡಿದರೆ? 6 ಮೀಟರಿಗೆ ತುದಿಯ ಮೊಮೆಂಟ್ 60. ಹೊರ ಅಂಚಿನಲ್ಲಿ 115.8 ಮೆಗಾಪಾಸ್ಕಲ್. ಫ್ಲೇಂಜ್-ವೆಬ್ ಸೇರುವಲ್ಲಿ ಬೆಂಡಿಂಗ್, ಶಿಯರ್ ಎರಡನ್ನೂ ಕೂಡಿಸಿದ ವಾನ್ ಮಿಸೆಸ್ ಸ್ಟ್ರೆಸ್ 114.0. ಹೊರ ಅಂಚೇ ಮೇಲು, ಕೂದಲೆಳೆಯಷ್ಟು. ಸ್ಪ್ಯಾನ್ 3 ಮೀಟರ್ ಮಾಡಿ, ಲೋಡ್ ಮೀಟರಿಗೆ 40 ಮಾಡಿದೆ. ಶಿಯರ್ ಅದೇ 60, ಮೊಮೆಂಟ್ ಮಾತ್ರ 30ಕ್ಕೆ ಇಳಿಯಿತು. ಹೊರ ಅಂಚಿನಲ್ಲಿ 57.9, ಫ್ಲೇಂಜ್-ವೆಬ್ ಸೇರುವಲ್ಲಿ 65.1. ಅಪಾಯದ ಜಾಗವೇ ಬದಲಾಯಿತು. ಫ್ರೇಮ್ ಸಾಫ್ಟ್‌ವೇರಿನ ವರದಿಯಲ್ಲಿ ಇದ್ದದ್ದು 57.9 ಮಾತ್ರ. ವಾನ್ ಮಿಸೆಸ್ ಕಾಲಂ ಆಮೇಲೆ ನನ್ನ ಶೀಟ್‌ನಿಂದ ಹೋಗಲೇ ಇಲ್ಲ.